ಮಳೆಗಾಲಕ್ಕೆ ಗಾಳಿ ಬೋಟು, ಔಟ್‌ಬೋರ್ಡ್ ಮೋಟ್ರು ಎತ್ತಿಡೋದು ಹೇಗೆ: ಸಮಗ್ರ ಮಾರ್ಗದರ್ಶಿ

ಗಾಳಿ ತುಂಬೋ ಬೋಟಿನ ಮ್ಯಾನುಯಲ್ ತೆಗೆದು ನೋಡಿ, ಯೂಟ್ಯೂಬ್ ವಿಡಿಯೋ ನೋಡಿ, ಎಲ್ಲಾ ಕಡೆ ಚಳಿಗಾಲಕ್ಕೆ ಎತ್ತಿಡೋದು ಹೇಗೆ ಅಂತಾನೇ ಇರತ್ತೆ, ಇಂಜಿನ್ ಒಳಗಿನ ನೀರು ಮಂಜುಗಡ್ಡೆ ಆಗಿ ಕೇಸಿಂಗ್ ಒಡೆಯತ್ತೆ ಹುಷಾರು ಅಂತ. ಕುಂದಾಪುರ, ಗಂಗೊಳ್ಳಿ, ಹೊನ್ನಾವರದಲ್ಲಿ ಮಂಜುಗಡ್ಡೆ ಸಿಗೋದು ಮೀನಿನ ಬುಟ್ಟಿಯಲ್ಲಿ ಮಾತ್ರ ಮಾರಾಯ್ರೆ. ನಮ್ಗೆ ಬೋಟು ಎತ್ತಿಡೋ ಕಾಲ ಅಂದ್ರೆ ಮಳೆಗಾಲ, ಜೂನ್‌ನಿಂದ ಹೆಚ್ಚು ಕಡಿಮೆ ಸೆಪ್ಟೆಂಬರ್ ತನಕ, ಈ ನಾಲ್ಕು ತಿಂಗಳಲ್ಲಿ ಹಾಳು ಮಾಡೋದು ಒಳಗೇ ಉಳಿದ ಉಪ್ಪು, ಒಳಗೇ ಉಳಿದ ಪೆಟ್ರೋಲು, ಒಳಗೇ ಉಳಿದ ಪಸೆ, ಆಮೇಲೆ ಇಲಿ. ಓಡಿಸಿ ಹಾಳಾದ ಚಿಕ್ಕ ಮೋಟ್ರು ನಾನು ನೋಡಿದ್ದು ಕಮ್ಮಿ, ಸುಮ್ನೆ ಮೂಲೇಲಿ ಕೂತು ಹಾಳಾದ್ದೇ ಜಾಸ್ತಿ. ಹಾಗಾಗಿ ಈ ಬರಹದ ಮುಕ್ಕಾಲು ಭಾಗ ಎತ್ತಿಡೋ ದಿನದ ಕೆಲ್ಸದ ಬಗ್ಗೇನೇ ಇದೆ.

ಹೇಳ್ತಿರೋದು 2.3ರಿಂದ 4 ಮೀಟರ್ ಉದ್ದದ ಬೋಟು, 2ರಿಂದ 10 ಎಚ್‌ಪಿ ಒಳಗಿನ ಔಟ್‌ಬೋರ್ಡ್ ಮೋಟ್ರಿನ ಬಗ್ಗೆ, ಅಂದ್ರೆ ಬೋಟಿನ ಹಿಂದೆ ಹೊರಗಡೆ ಕ್ಲ್ಯಾಂಪ್ ಮಾಡೋ ಇಂಜಿನ್. ಅದಕ್ಕಿಂತ ದೊಡ್ಡದಿದ್ರೆ ತತ್ವ ಇದೇ, ಆದ್ರೆ ಮೆಕ್ಯಾನಿಕ್‌ಗೆ ಕೊಡೋದು ವಾಸಿ.

ಯಾವಾಗ ಶುರು ಮಾಡ್ಬೇಕು

ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧ, ಎಲ್ರೂ ಆಗ ಬೋಟು ಎಳೆಯೋದು. ನಮ್ಮ ಗಾಳಿ ಬೋಟಿಗೆ ಅಷ್ಟು ಕಾಯ್ಬಾರ್ದು. ಹತ್ತನಾವಧಿಗೆ ಯಕ್ಷಗಾನ ಮೇಳದವ್ರು ತಿರುಗಾಟ ಮುಗಿಸೋ ಹೊತ್ತಿಗೆ, ಅಂದ್ರೆ ಮೇ 24-25ರ ಒಳಗೆ, ನಿಮ್ಮ ಬೋಟೂ ಒಣಗಿ ಒಳಗೆ ಸೇರಿರ್ಬೇಕು. ಯಾಕಂದ್ರೆ ಟ್ಯೂಬು ಒಣಗೋಕೆ ಎರಡು ದಿನ ಗಾಳಿ ಬೇಕು, ಪ್ಯಾಚ್ ಹಾಕೋದಿದ್ರೆ ಇನ್ನೂ ಎರಡು ದಿನ, ಮೃಗಶಿರಾ ಮಳೆ ಹಿಡಿದ ಮೇಲೆ ಬಟ್ಟೆನೇ ಒಣಗಲ್ಲ ಬೋಟು ಎಲ್ಲಿ ಒಣಗತ್ತೆ.

ತಗೊಂಡು ಇಟ್ಕೊಳ್ಬೇಕಾದ್ದು ಜಾಸ್ತಿ ಏನಿಲ್ಲ. ಗೇರ್ ಆಯಿಲ್, ಅದರ ಸ್ಕ್ರೂಗೆ ಹೊಸ ವಾಷರ್, ಫೋರ್ ಸ್ಟ್ರೋಕ್ ಆದ್ರೆ ಇಂಜಿನ್ ಆಯಿಲ್, ಮರೈನ್ ಗ್ರೀಸು, ಒಂದು ಹೊಸ ಸ್ಪಾರ್ಕ್ ಪ್ಲಗ್, ಪ್ಲಗ್ ಪಾನ, ಫಾಗಿಂಗ್ ಆಯಿಲ್ (ಸಿಲಿಂಡರ್ ಒಳಗೆ ತುಕ್ಕು ಹಿಡಿಯದ ಹಾಗೆ ಹೊಡೆಯೋ ಎಣ್ಣೆ ಸ್ಪ್ರೇ) ಸಿಕ್ರೆ ಒಂದು ಕ್ಯಾನ್, ದೊಡ್ಡ ಪ್ಲಾಸ್ಟಿಕ್ ಡ್ರಮ್ಮು. ಡ್ರಮ್ಮು ಅಂದ್ರೆ ಅದೇ ನೀಲಿ 200 ಲೀಟರಿಂದು, ಮೇಲೆ ಕೊಯ್ದದ್ದು, ಗುಜರಿಯಲ್ಲಿ ಸಿಗತ್ತೆ.

ಮೊದಲ ಕೆಲ್ಸ: ಮೋಟ್ರಿನ ಒಳಗಿನ ಉಪ್ಪು ತೊಳೆಯೋದು

ಔಟ್‌ಬೋರ್ಡ್ ಮೋಟ್ರು ಹೊಳೆ ನೀರನ್ನೇ ಎಳ್ಕೊಂಡು ಇಂಜಿನ್ ಸುತ್ತ ಹಾಯಿಸಿ ತಂಪು ಮಾಡ್ಕೊಳ್ಳತ್ತೆ, ಅಳಿವೆ ಕಡೆ ಓಡಿಸಿದ್ರೆ ಉಪ್ಪು ನೀರೇ ಒಳಗೆ ಹೋಗೋದು. ಮೋಟ್ರು ನಿಲ್ಸಿದ ಮೇಲೆ ಬಿಸಿ ಲೋಹದ ಮೇಲೆ ಉಳಿದ ನೀರು ಆವಿಯಾಗಿ ಉಪ್ಪು ಮಾತ್ರ ಕೂರತ್ತೆ, ದಾರಿ ಕಿರಿದಾಗತ್ತೆ, ಥರ್ಮೋಸ್ಟಾಟ್ ಇದ್ರೆ ಅದು ಹಿಡ್ಕೊಳ್ಳತ್ತೆ, ಅಲ್ಯುಮಿನಿಯಂ ಒಳಗಿಂದ ತಿಂದು ಹೋಗತ್ತೆ. ಉಪ್ಪು ನೀರಿಗೆ ಹೋದ ಪ್ರತಿ ಸಲ ಸಿಹಿ ನೀರಲ್ಲಿ ಓಡಿಸಿ ತೊಳೀಬೇಕು, ಎತ್ತಿಡೋ ಮೊದ್ಲಂತೂ ಬಿಡೋ ಹಾಗೇ ಇಲ್ಲ.

ಇಲ್ಲಿ ನಮ್ಮ ಕಡೆಯ ಒಂದು ತಾಪತ್ರಯ ಇದೆ. ಹೊಳೆ ಬದಿ ಮನೆಗಳ ಬಾವಿ ಏಪ್ರಿಲ್-ಮೇ ಹೊತ್ತಿಗೆ ಉಪ್ಪಾಗಿರತ್ತೆ. ಆ ನೀರಲ್ಲಿ ಅರ್ಧ ಗಂಟೆ ಓಡಿಸಿದ್ರೂ ಉಪ್ಪನ್ನ ಉಪ್ಪಲ್ಲೇ ತೊಳೆದಂಗೆ. ನಾಲಿಗೆಗೆ ಒಂದು ಹನಿ ಹಾಕಿ ನೋಡಿ, ಚೂರು ಚಪ್ಪೆ ಬಿಟ್ಟು ಬೇರೆ ರುಚಿ ಬಂದ್ರೂ ಪಂಚಾಯ್ತಿ ನಳ್ಳಿ ನೀರು ಹಿಡಿದಿಟ್ಕೊಂಡು ಅದ್ರಲ್ಲಿ ಮಾಡಿ.

ಕ್ರಮ ಹೀಗೆ. ಮೋಟ್ರನ್ನ ಗಟ್ಟಿ ಹಲಗೆಗೋ ಸ್ಟ್ಯಾಂಡಿಗೋ ಕ್ಲ್ಯಾಂಪ್ ಮಾಡಿ, ಮೊದ್ಲು ಫ್ಯಾನ್ ಬಿಚ್ಚಿ, ಅಂದ್ರೆ ಪ್ರೊಪೆಲ್ಲರ್, ನಮ್ಮ ಧಕ್ಕೆಯಲ್ಲಿ ಫ್ಯಾನ್ ಅಂದ್ರೇನೇ ಅರ್ಥ ಆಗೋದು. ಮೋಟ್ರಿನ ಕಾಲನ್ನ, ಅಂದ್ರೆ ನೀರಲ್ಲಿ ಮುಳುಗೋ ಕೆಳಭಾಗವನ್ನ, ಡ್ರಮ್ಮೊಳಗೆ ಇಳಿಸಿ ನೀರು ತುಂಬ್ಸಿ. ಫ್ಯಾನಿನ ಮೇಲ್ಗಡೆ ಅಡ್ಡ ರೆಕ್ಕೆ ತರದ ಪ್ಲೇಟ್ ಇರತ್ತಲ್ಲ, ನೀರು ಅದಕ್ಕಿಂತ ನಾಲ್ಕು ಬೆರಳಾದ್ರೂ ಮೇಲಿರ್ಬೇಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಹತ್ತು ನಿಮಿಷ ಬಿಡಿ. ಮೋಟ್ರಿನ ಹಿಂದೆ ಚಿಕ್ಕ ತೂತಿಂದ ನೀರು ಪಿಚಕಾರಿ ಬಿಟ್ಟಂಗೆ ಬರ್ತಾ ಇರ್ಬೇಕು, ಅರ್ಧ ನಿಮಿಷದಲ್ಲಿ ಬರ್ಲಿಲ್ಲ ಅಂದ್ರೆ ತಕ್ಷಣ ನಿಲ್ಸಿ. ಡ್ರಮ್ಮಿನ ನೀರು ಕೊಳೆ ಆದ ಮೇಲೆ ಒಂದ್ಸಲ ಬದ್ಲಿಸಿ ಮತ್ತೆ ಓಡಿಸೋದು ಒಳ್ಳೇದು, ಮೊದಲ್ನೇ ನೀರಿಗೆ ಉಪ್ಪು ಇಳಿದಿರತ್ತೆ. ಎಲ್ಲಾ ಹೊರಗೆ ಅಂಗಳದಲ್ಲಿ ಮಾಡಿ, ಕೊಟ್ಟಿಗೆ ಒಳಗೆ ಹೊಗೆ ತುಂಬ್ಕೊಂಡು ತಲೆ ತಿರುಗತ್ತೆ, ಅದು ತಮಾಷೆಯ ಹೊಗೆ ಅಲ್ಲ. ಕೆಲವು ಮೋಟ್ರಿಗೆ ಪೈಪ್ ಸಿಕ್ಕಿಸೋ ಫ್ಲಶ್ ಪೋರ್ಟ್ ಇರತ್ತೆ, ಇನ್ನು ಕೆಲವಕ್ಕೆ ನೀರು ಎಳೆಯೋ ತೂತಿಗೆ ಎರಡೂ ಬದಿ ಕೂರೋ ರಬ್ಬರ್ ಮಫ್ ಹಾಕ್ಬೋದು, ನನಗೆ ಡ್ರಮ್ಮೇ ಸಮಾಧಾನ.

ನೀರಿಲ್ದೆ "ಒಂದೇ ಸಲ ಸೌಂಡ್ ಕೇಳಣ" ಅಂತ ಯಾವ ಕಾರಣಕ್ಕೂ ಸ್ಟಾರ್ಟ್ ಮಾಡ್ಬೇಡಿ. ಒಳಗೆ ನೀರು ಎಳೆಯೋದು ಒಂದು ರಬ್ಬರ್ ಇಂಪೆಲ್ಲರ್, ಅದಕ್ಕೆ ನೀರೇ ಲೂಬ್ರಿಕೇಶನ್, ಒಣಗಿದ್ರೆ ಸೆಕೆಂಡುಗಳಲ್ಲೇ ಉಜ್ಜಿ ರೆಕ್ಕೆ ಹೋಗತ್ತೆ. ಹೋಂಡಾ 2.3 ಎಚ್‌ಪಿ ತರದ್ದು ಗಾಳಿಯಲ್ಲಿ ತಂಪಾಗೋ ಮೋಟ್ರು, ಅದಕ್ಕೆ ಇಂಪೆಲ್ಲರೇ ಇಲ್ಲ, ಅದನ್ನ ಇಟ್ಕೊಂಡವ್ರಿಗೆ ಈ ತಲೆಬಿಸಿ ಇಲ್ಲ, ಹೊರಗಿಂದ ಕಾಲು ತೊಳೆದ್ರೆ ಸಾಕು. ಉಳಿದವ್ರು ಎರಡು ವರ್ಷಕ್ಕೊಮ್ಮೆ ಇಂಪೆಲ್ಲರ್ ಬದ್ಲಿಸಿ, ನೋಡೋಕೆ ಚೆನ್ನಾಗಿದ್ರೂ ಸರಿ, ಕೂತು ಕೂತು ರೆಕ್ಕೆ ಒಂದೇ ಬದಿಗೆ ಬಾಗಿ ಹಾಗೇ ನಿಂತಿರತ್ತೆ.

ಮೋಟ್ರಿನ ಮೇಲಿನ ಟೋಪಿ, ಅಂದ್ರೆ ಮುಚ್ಚಳ, ತೆಗೆದು ಪ್ರೆಶರ್ ವಾಷರ್ ಹೊಡಿಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತುಕ್ಕು ತಡೆಯೋ ಸ್ಪ್ರೇ ತೆಳ್ಳಗೆ ಹೊಡೀರಿ ಸಾಕು.

ಪೆಟ್ರೋಲು: ಒಂದು ಹನಿನೂ ಬಿಡ್ಬೇಡಿ

ಬಂಕಿನಲ್ಲಿ ಈಗ ಸಿಗೋದು ಇ20, ಅಂದ್ರೆ ನೂರರಲ್ಲಿ 20 ಪಾಲು ಎಥನಾಲ್. ಬೈಕಿಗೆ ದಿನಾ ಓಡಿಸ್ತೀರಿ ಟ್ಯಾಂಕ್ ಖಾಲಿ ಆಗ್ತಾ ಇರತ್ತೆ, ಪರ್ವಾಗಿಲ್ಲ. ಆದ್ರೆ ತುಂಬಾ ಔಟ್‌ಬೋರ್ಡ್‌ಗಳ ಮ್ಯಾನುಯಲ್‌ನಲ್ಲಿ ಎಥನಾಲ್ ಹತ್ತು ಪರ್ಸೆಂಟ್ ದಾಟ್ಬಾರ್ದು ಅಂತ ಬರೆದಿರತ್ತೆ, ನಿಮ್ಮದ್ರಲ್ಲಿ ಏನಿದೆ ಅಂತ ನೋಡಿ. ಎಥನಾಲ್‌ಗೆ ನೀರು ಅಂದ್ರೆ ಪ್ರೀತಿ, ಟ್ಯಾಂಕಿನ ಗಾಳಿ ತೂತಿಂದ ಮಳೆಗಾಲದ ತೇವ ಎಳ್ಕೊಳ್ತಾ ಹೋಗತ್ತೆ, ಒಂದು ಮಿತಿ ದಾಟಿದ ಮೇಲೆ ನೀರು-ಎಥನಾಲ್ ಸೇರಿ ಪೆಟ್ರೋಲಿಂದ ಬೇರೆ ಆಗಿ ತಳಕ್ಕೆ ಕೂರತ್ತೆ. ಇಂಜಿನ್ ಪೆಟ್ರೋಲ್ ಎಳೆಯೋದೂ ತಳದಿಂದಲೇ. ಆಮೇಲೆ ಸೆಪ್ಟೆಂಬರಲ್ಲಿ ಸ್ಟಾರ್ಟ್ ಹಗ್ಗ ಎಳೆದೂ ಎಳೆದೂ ಭುಜ ಬೀಳತ್ತೆ ಹೊರತು ಮೋಟ್ರು ಕೆಮ್ಮಲ್ಲ.

ಹಾಗೆ ಬಿಟ್ಟ ಕಾರ್ಬುರೇಟರ್ ಬಿಚ್ಚಿ ನೋಡಿದ್ರೆ ಗೊತ್ತಾಗತ್ತೆ. ಕೆಳಗಿನ ಚಿಕ್ಕ ಬಟ್ಟಲಲ್ಲಿ ಬಿಳಿ-ಹಸಿರು ಪುಡಿ, ಗೋಡೆಗೆ ಹಳದಿ ಅಂಟು, ಮೂಗು ಹತ್ರ ತಂದ್ರೆ ಪೆಟ್ರೋಲ್ ವಾಸನೆ ಹೋಗಿ ಹಳೇ ವಾರ್ನಿಶ್ ವಾಸನೆ, ಮಧ್ಯದ ಜೆಟ್ಟಿನ ತೂತು ಬೆಳಕಿಗೆ ಹಿಡಿದ್ರೆ ಆಚೆ ಕಾಣಲ್ಲ. ಆ ತೂತು ಕೂದಲೆಳೆ ದಪ್ಪ ಇರೋದು, ಅಷ್ಟು ಅಂಟು ಸಾಕು.

ಮಾಡೋದು ಸುಲಭ. ಡ್ರಮ್ಮಲ್ಲಿ ತೊಳೆಯೋ ಓಟದ ಕೊನೆಗೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಹೊರಗಿನ ಟ್ಯಾಂಕಿದ್ರೆ ಪೈಪ್ ಬಿಚ್ಚಿ, ಐಡಲ್‌ನಲ್ಲೇ ಓಡಿ ತಾನಾಗೇ ನಿಲ್ಲೋ ತನಕ ಬಿಡಿ. ಟೂ ಸ್ಟ್ರೋಕಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್ ಹೋಗೋದು, ಹಾಗಾಗಿ ಖಾಲಿ ಆಗ್ತಾ ಬಂದಾಗ ರೇಸ್ ಮಾಡ್ಬೇಡಿ. ನಿಂತ ಮೇಲೆ ಕೆಲ್ಸ ಮುಗೀತು ಅಂತ ಅನ್ಕೋಬೇಡಿ, ಬಟ್ಟಲ ತಳದಲ್ಲಿ ಇನ್ನೂ ಸ್ವಲ್ಪ ಇರತ್ತೆ, ಅಲ್ಲಿರೋ ಡ್ರೇನ್ ಸ್ಕ್ರೂ ಸಡಿಲ ಮಾಡಿ ಕೆಳಗೆ ಚಿಕ್ಕ ಡಬ್ಬಿ ಹಿಡಿದು ಇಳಿಸಿ. ಟ್ಯಾಂಕಿನ ಪೆಟ್ರೋಲನ್ನ ಕೈಪಂಪಲ್ಲಿ ತೆಗೀರಿ, ಪೈಪಿಗೆ ಬಾಯಿ ಹಾಕಿ ಎಳೆಯೋ ಹಳೇ ಚಾಳಿ ಬೇಡ. ಬೀಡಿ, ಸಿಗರೇಟು, ದೇವ್ರ ದೀಪ ಎಲ್ಲಾ ದೂರ ಇರ್ಲಿ.

ತೆಗೆದ ಪೆಟ್ರೋಲು ಏನ್ಮಾಡೋದು? ಫೋರ್ ಸ್ಟ್ರೋಕಿಂದು ಆದ್ರೆ ಸೀದಾ ಸ್ಕೂಟರಿಗೆ ಹಾಕಿ ಓಡಿಸಿ ಮುಗ್ಸಿ. ಟೂ ಸ್ಟ್ರೋಕಿಂದು ಆಯಿಲ್ ಮಿಕ್ಸ್ ಮಾಡಿದ್ದು, ಸ್ಕೂಟರಿಗೆ ಬೇಡ, ತೋಟದ ಹುಲ್ಲು ಹೊಡೆಯೋ ಟೂ ಸ್ಟ್ರೋಕ್ ಮಿಷಿನ್ ಇದ್ರೆ, ಅದರ ಅಳತೆಯೂ ಇದೇ ಆಗಿದ್ರೆ, ಅದಕ್ಕೆ ಹಾಕಿ. 50ಕ್ಕೆ 1 ಅಂದ್ರೆ ಲೀಟರಿಗೆ 20 ಎಂಎಲ್ ಆಯಿಲ್, ಆದ್ರೆ ಎಲ್ಲಾ ಮೋಟ್ರಿಗೂ ಅದೇ ಅಳತೆ ಅಲ್ಲ, ಹಳೇವಕ್ಕೆ, ನಾಡದೋಣಿಯವ್ರ ಸೀಮೆಎಣ್ಣೆ ಮೋಟ್ರಿಗೆ ಆಯಿಲ್ ಜಾಸ್ತಿ ಬೇಕು. ಆಯಿಲ್ ಕೂಡ ಟಿಸಿ-ಡಬ್ಲ್ಯು3 ಅಂತ ಬರೆದಿರೋ ಮರೈನ್ ಆಯಿಲ್ಲೇ ಆಗ್ಬೇಕು, ಬೈಕಿನ ಟೂಟಿ ಆಯಿಲ್ ಬೇರೆ ಜಾತಿದು.

ಪೆಟ್ರೋಲ್ ಕೆಡದ ಹಾಗೆ ಸ್ಟೆಬಿಲೈಸರ್ ಹಾಕಿ ಟ್ಯಾಂಕ್ ಫುಲ್ ಮಾಡಿ ಇಡಿ ಅಂತ ವಿಡಿಯೋಗಳಲ್ಲಿ ಹೇಳ್ತಾರೆ, ಅದು ದೊಡ್ಡ ಫಿಕ್ಸೆಡ್ ಟ್ಯಾಂಕಿನವ್ರಿಗೆ. ಒಂದೆರಡು ಲೀಟರಿನ ಟ್ಯಾಂಕಿಗೆ ಖಾಲಿ ಮಾಡೋದೇ ಸೈ.

ಸಿಲಿಂಡರಿಗೆ ಎಣ್ಣೆ, ಆಮೇಲೆ ಆಯಿಲ್ ಬದಲಾವಣೆ

ಸ್ಪಾರ್ಕ್ ಪ್ಲಗ್ ಬಿಚ್ಚಿ, ತೂತೊಳಗೆ ಫಾಗಿಂಗ್ ಆಯಿಲ್ ಎರಡು ಸೆಕೆಂಡು ಸ್ಪ್ರೇ ಮಾಡಿ, ಇಲ್ಲಾಂದ್ರೆ ಟೂ ಸ್ಟ್ರೋಕ್ ಆಯಿಲ್ಲೇ ಒಂದು ಟೀ ಚಮಚ ಬಿಡಿ. ಕಿಲ್ ಸ್ವಿಚ್ಚಿನ (ದಾರ ಎಳೆದ ಕೂಡ್ಲೇ ಮೋಟ್ರು ನಿಲ್ಸೋ ಸ್ವಿಚ್ಚು) ಕ್ಲಿಪ್ ತೆಗೆದಿರ್ಲಿ, ಇಲ್ದಿದ್ರೆ ಪ್ಲಗ್ ಇಲ್ದೆ ಸ್ಪಾರ್ಕ್ ಹೋಗಿ ಇಗ್ನಿಶನ್‌ಗೆ ಪೆಟ್ಟು, ಪೆಟ್ರೋಲ್ ಆವಿ ಇದ್ರೆ ಬೆಂಕಿ ಭಯ ಬೇರೆ. ಹಗ್ಗ ನಿಧಾನಕ್ಕೆ ನಾಲ್ಕೈದು ಸಲ ಎಳೆದ್ರೆ ಎಣ್ಣೆ ಎಲ್ಲಾ ಕಡೆ ಹಿಡಿಯತ್ತೆ, ಆಮೇಲೆ ಪ್ಲಗ್ ವಾಪಸ್ ಕೈಯಲ್ಲೇ ತಿರುಗಿಸಿ ಕೂರ್ಸಿ, ಕೊನೆಗಷ್ಟೇ ಪಾನ. ಕೊನೇ ಸಲ ಹಗ್ಗ ಎಳೆಯುವಾಗ ಬಿಗಿ ಸಿಗೋ ಜಾಗದಲ್ಲಿ ನಿಲ್ಸಿ, ಫೋರ್ ಸ್ಟ್ರೋಕಲ್ಲಿ ಆಗ ವಾಲ್ವ್ ಎರಡೂ ಮುಚ್ಚಿರತ್ತೆ, ತೇವದ ಗಾಳಿ ಒಳಗೆ ಬರೋದು ಕಮ್ಮಿ.

ಫೋರ್ ಸ್ಟ್ರೋಕಿನ ಇಂಜಿನ್ ಆಯಿಲ್ ಎತ್ತಿಡೋ ಮೊದ್ಲೇ ಬದ್ಲಿಸ್ಬೇಕು, ಡ್ರಮ್ಮಲ್ಲಿ ಓಡಿ ಬೆಚ್ಚಗಿರುವಾಗಲೇ ಇಳಿಸಿದ್ರೆ ಪೂರ್ತಿ ಇಳಿಯತ್ತೆ. ಓಡಿದ ಆಯಿಲಲ್ಲಿ ಆಮ್ಲ, ನೀರು ಎಲ್ಲಾ ಸೇರಿರತ್ತೆ, ಅದು ನಾಲ್ಕು ತಿಂಗ್ಳು ಬೇರಿಂಗ್ ಮೇಲೆ ಕೂತಿರೋದು ಯಾಕೆ. 2.5 ಎಚ್‌ಪಿಗೆ ಅರ್ಧ ಲೀಟರಿಗಿಂತ ಕಮ್ಮಿ ಹಿಡಿಯೋದು, ಖರ್ಚೇನೂ ದೊಡ್ಡದಲ್ಲ. ಸಾಮಾನ್ಯವಾಗಿ 10ಡಬ್ಲ್ಯು-30, ಎಫ್‌ಸಿ-ಡಬ್ಲ್ಯು ಗುರ್ತು ಇರೋದು ಸಿಕ್ರೆ ಒಳ್ಳೇದು, ಅದ್ರಲ್ಲಿ ತುಕ್ಕು ತಡೆಯೋ ಅಂಶ ಜಾಸ್ತಿ.

ಗೇರ್ ಆಯಿಲ್ ಬಗ್ಗೆ ಸ್ವಲ್ಪ ನಿಂತು ನೋಡಣ, ಯಾಕಂದ್ರೆ ತುಂಬಾ ಜನ ಇದನ್ನ ಮರೀತಾರೆ. ಫ್ಯಾನ್ ಕೂರೋ ಉಂಡೆ ಭಾಗದಲ್ಲಿ ಎರಡು ಸ್ಕ್ರೂ ಇರತ್ತೆ, ಕೆಳಗೊಂದು ಮೇಲೊಂದು. ತಟ್ಟೆ ಇಟ್ಟು ಮೊದ್ಲು ಕೆಳಗಿಂದು, ಆಮೇಲೆ ಮೇಲಿಂದು ಬಿಚ್ಚಿ. ಕಂದು ಬಣ್ಣದಲ್ಲಿ ಅಥವಾ ಹಾಕಿದ ಬಣ್ಣದಲ್ಲೇ ಬಂದ್ರೆ ಖುಷಿ ಪಡಿ. ಹಾಲು ಹಾಕಿದ ಕಾಫಿ ಬಣ್ಣದಲ್ಲಿ ಬಂದ್ರೆ ಒಳಗೆ ನೀರು ಹೋಗ್ತಾ ಇದೆ, ಸೀಲ್ ಹೋಗಿದೆ ಅಂತ, ಮಳೆಗಾಲದ ಬಿಡುವಲ್ಲೇ ಸೀಲ್ ಹಾಕ್ಸಿ. ಸ್ಕ್ರೂ ತುದಿಯಲ್ಲಿ ಬೂದಿ ತರ ನುಣ್ಣಗಿನ ಲೋಹದ ಪುಡಿ ಇದ್ರೆ ಮಾಮೂಲು, ಚೂರು ಚೂರು ತುಂಡು ಸಿಕ್ರೆ ಗೇರ್ ನೋಡಿಸ್ಬೇಕು. ಹೊಸದು ತುಂಬೋದು ಕೆಳಗಿನ ತೂತಿಂದ, ಟ್ಯೂಬ್ ಒತ್ತಿ ಹಿಡಿದು ಮೇಲಿನ ತೂತಲ್ಲಿ ಗುಳ್ಳೆ ಇಲ್ದೆ ಎಣ್ಣೆ ಉಕ್ಕೋ ತನಕ. ಮೇಲಿಂದ ಹೊಯ್ದ್ರೆ ಒಳಗೆ ಗಾಳಿ ಸಿಕ್ಕಾಕೊಂಡು ಅರ್ಧವೇ ತುಂಬೋದು. ತುಂಬಿದ ಮೇಲೆ ಮೊದ್ಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಬಾಟ್ಲಿ ತೆಗೆದು ಗಬಕ್ಕಂತ ಕೆಳಗಿಂದು. ಹೊಸ ವಾಷರ್ ಹಾಕಿ, ಹತ್ತು ರೂಪಾಯಿ ವಾಷರಿಗೆ ಜಿಪುಣತನ ಮಾಡಿ ಗೇರ್‌ಬಾಕ್ಸ್ ಕಳ್ಕೊಂಡವ್ರಿದ್ದಾರೆ.

ಫ್ಯಾನು, ಸತು, ಗ್ರೀಸು

ಫ್ಯಾನ್ ಹೇಗೂ ಬಿಚ್ಚಿದೀರಿ, ಶಾಫ್ಟಿನ ಬುಡ ನೋಡಿ. ನಮ್ಮ ಹೊಳೆಗಳಲ್ಲಿ ತಂಗೂಸು ಸುತ್ತಿರೋ ಸಾಧ್ಯತೆ ತುಂಬಾ, ಗಾಳದ ನೈಲಾನ್ ದಾರ, ಬಲೆ ಚೂರು. ಅದು ತಿರುಗಿ ತಿರುಗಿ ಬಿಸಿಯಾಗಿ ಸೀಲನ್ನೇ ಕೊಯ್ಯತ್ತೆ, ಮೇಲೆ ಹೇಳಿದ ಕಾಫಿ ಬಣ್ಣಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಹೊರಗಿಂದ ಕಾಣಲ್ಲ, ವಾಷರ್ ತೆಗೆದು ಬ್ಲೇಡಲ್ಲಿ ಬಿಡಿಸಿ. ಶಾಫ್ಟಿಗೆ ಮರೈನ್ ಗ್ರೀಸ್ ಹಚ್ಚಿ, ಶಿಯರ್ ಪಿನ್ (ಫ್ಯಾನ್ ಎಲ್ಲಾದ್ರೂ ತಾಗಿದ್ರೆ ತಾನು ಮುರಿದು ಗೇರ್ ಉಳಿಸೋ ಪಿನ್ನು) ಬಾಗಿದ್ರೆ ಬದ್ಲಿಸಿ, ಕಾಟರ್ ಪಿನ್ ಹೊಸದು ಹಾಕಿ.

ಕಾಲಿಗೆ ಬೂದು ಬಣ್ಣದ ಒಂದು ಲೋಹದ ತುಂಡು ಸ್ಕ್ರೂ ಹಾಕಿರತ್ತೆ, ಆನೋಡ್ ಅಂತಾರೆ. ಉಪ್ಪು ನೀರಲ್ಲಿ ಅದು ತಾನು ಕರಗಿ ಮೋಟ್ರಿನ ಅಲ್ಯುಮಿನಿಯಂ ಉಳಿಸತ್ತೆ. ಅರ್ಧ ತಿಂದು ಹೋಗಿದ್ರೆ ಬದ್ಲಿಸಿ, ಅದಕ್ಕೆ ಪೇಂಟ್ ಬಳೀಬೇಡಿ, ಬಳಿದ್ರೆ ಇದ್ದೂ ಇಲ್ಲದಂಗೆ. ಉಪ್ಪು ನೀರಿಗೆ ಸತು, ಅಳಿವೆ-ಹಿನ್ನೀರು ಎರಡೂ ಕಡೆ ಓಡಿಸೋರಿಗೆ ಅಲ್ಯುಮಿನಿಯಂ, ಬರೀ ಸಿಹಿ ನೀರಿಗೆ ಮೆಗ್ನೀಶಿಯಂ. ಶರಾವತಿಯನ್ನೇ ತಗೊಳ್ಳಿ, ಮೇಲೆ ಲಿಂಗನಮಕ್ಕಿ ಹಿನ್ನೀರಲ್ಲಿ ಓಡಿಸೋರ ಲೆಕ್ಕ ಬೇರೆ, ಕೆಳಗೆ ಹೊನ್ನಾವರ ಅಳಿವೆಯಲ್ಲಿ ಓಡಿಸೋರ ಲೆಕ್ಕವೇ ಬೇರೆ. ಘಟ್ಟದ ಮೇಲಿನವ್ರಿಗೆ ಉಪ್ಪಿನ ಕಾಟ ಇಲ್ಲ, ಬದ್ಲಿಗೆ ಕೆಸರು, ಜೊಂಡು ನೀರೆಳೆಯೋ ಜಾಲರಿಗೆ ತುಂಬೋದು.

ಕ್ಲ್ಯಾಂಪಿನ ತಿರುಪು, ಸ್ಟೇರಿಂಗ್ ಕೀಲು, ಟಿಲ್ಟ್ ಪಿನ್ ಎಲ್ಲದಕ್ಕೂ ಗ್ರೀಸು. ಡಬ್ಲ್ಯುಡಿ-40 ಹೊಡೆದ್ರೆ ಗ್ರೀಸ್ ಹಚ್ಚಿದಂಗೆ ಅಂತ ಅನ್ಕೊಂಡವ್ರು ತುಂಬಾ, ಅದು ತುಕ್ಕು ಬಿಡಿಸೋಕೆ ಚೆನ್ನ, ನಾಲ್ಕು ತಿಂಗ್ಳು ನಿಲ್ಲೋ ಸರಕಲ್ಲ.

ಮೋಟ್ರನ್ನ ಹೇಗೆ ಇಡೋದು

ನೆಟ್ಟಗೆ ನಿಲ್ಸಿ ಇಡೋದೇ ಬೆಸ್ಟು. ಎರಡು ಹಲಗೆ ಕಾಲು, ಮೇಲೊಂದು ಅಡ್ಡ ಹಲಗೆ, ಮನೆ ಹತ್ರದ ಆಚಾರ್ರು ಒಂದು ಗಂಟೇಲಿ ಮಾಡಿಕೊಡ್ತಾರೆ. ಈ ಸೈಜಿನಲ್ಲಿ ಚಿಕ್ಕವು 13ರಿಂದ 17 ಕೆಜಿ, 5-6 ಎಚ್‌ಪಿ ಫೋರ್ ಸ್ಟ್ರೋಕು 25 ಕೆಜಿ ಆಚೀಚೆ. ನೆಟ್ಟಗೆ ನಿಲ್ಸಿ ಮೊದ್ಲು ಕಾಲಿನ ನೀರೆಲ್ಲಾ ಇಳಿಯೋಕೆ ಬಿಡಿ. ಮಲಗಿಸಲೇಬೇಕು ಅಂದ್ರೆ ಮ್ಯಾನುಯಲಲ್ಲಿ ಯಾವ ಮಗ್ಗುಲು ಅಂತ ಹೇಳಿರತ್ತೆ, ಮೈ ಮೇಲೆ ಚಿಕ್ಕ ರಬ್ಬರ್ ಕಾಲುಗಳೂ ಇರತ್ತೆ, ಆ ಮಗ್ಗುಲೇ. ಫೋರ್ ಸ್ಟ್ರೋಕನ್ನ ತಪ್ಪು ಮಗ್ಗುಲಿಗೆ ಮಲಗಿಸಿದ್ರೆ ಆಯಿಲ್ ಸಿಲಿಂಡರಿಗೆ ಬರತ್ತೆ. ತಲೆ ಯಾವಾಗ್ಲೂ ಕಾಲಿಗಿಂತ ಎತ್ತರದಲ್ಲಿರ್ಲಿ, ಇಲ್ದಿದ್ರೆ ಎಕ್ಸಾಸ್ಟಲ್ಲಿ ಉಳಿದ ನೀರು ಸಿಲಿಂಡರ್ ಕಡೆ ಹರಿಯತ್ತೆ.

ಮೇಲೆ ಹಳೇ ಹತ್ತಿ ಬೆಡ್‌ಶೀಟು ಹೊದೆಸಿ. ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಾಗಿ ಸುತ್ತಿದ್ರೆ ಒಳಗೆ ಬೆವರಿ ಅಲ್ಲೇ ಫಂಗಸ್ಸು. ಇನ್ನೊಂದು, ನೀರು ಬರೋ ಆ ಚಿಕ್ಕ ತೂತಿಗೂ ಟ್ಯಾಂಕಿನ ಗಾಳಿ ತೂತಿಗೂ ಬಟ್ಟೆ ಚೂರು ಕಟ್ಟಿಡಿ, ಮಣ್ಣಿನ ಗೂಡು ಕಟ್ಟೋ ಕಣಜಕ್ಕೆ ಅಂಥ ತೂತು ಕಂಡ್ರೆ ಬಿಡೋದೇ ಇಲ್ಲ. ಕೆಂಪು ಬಟ್ಟೆ ಕಟ್ಟಿದ್ರೆ ತೆಗೆಯೋಕೆ ಮರೆಯಲ್ಲ.

ಬೋಟು ತೊಳೆಯೋದು, ಒಣಗ್ಸೋದು

ಬೋಟನ್ನ ಪೂರ್ತಿ ಗಾಳಿ ತುಂಬಿದಾಗಲೇ ತೊಳೀರಿ. ನೆಲದ ಹಲಗೆ ಅಥವಾ ಗಾಳಿ ತುಂಬೋ ನೆಲ ತೆಗೆದು ಹೊರಗಿಡಿ, ಹಿಂದಿನ ಡ್ರೇನ್ ಬಿರಡೆ ತೆಗೀರಿ, ಮೂತಿ ಎತ್ತಿ ಕಟ್ಟಿ ಪೈಪಲ್ಲಿ ನೀರು ಬಿಡಿ. ಟ್ಯೂಬೂ ನೆಲದ ಬಟ್ಟೆಯೂ ಸೇರೋ ಸಂದಿಯಲ್ಲಿ ಹೊಯಿಗೆ ಕೂತಿರತ್ತೆ, ಬೆರಳು ಹಾಕಿ ಎಳೆದ್ರೆ ಗರಗರ ಅನ್ನತ್ತೆ. ಹೊಯಿಗೆ ಸಮೇತ ಮಡಚಿದ್ರೆ ಅದು ಉಪ್ಪುಕಾಗದ ಆಗಿ ಬಟ್ಟೆಯ ಲೇಪ ಉಜ್ಜೋದು, ಗಾಳಿ ಬೋಟು ತೂತಾಗೋದು ಬಂಡೆಗೆ ತಾಗಿ ಎಷ್ಟೋ ಈ ಸಂದಿಯಲ್ಲೂ ಅಷ್ಟೇ. ಪಾತ್ರೆ ತೊಳೆಯೋ ಲಿಕ್ವಿಡ್ಡು ನೀರಲ್ಲಿ ಕಲಸಿ ಮೆತ್ತನೆ ಬ್ರಶ್ ಹಾಕಿ. ಬ್ಲೀಚಿಂಗ್, ಥಿನ್ನರ್, ಸೀಮೆಎಣ್ಣೆ ಮೂರೂ ಬೇಡ. ಮೇ ತಿಂಗಳಲ್ಲಿ ದಂಡೆಗೆ ಬರೋ ಡಾಂಬರ್ ಉಂಡೆ ಅಂಟಿದ್ರೆ ತೆಂಗಿನೆಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿ, ತಕ್ಷಣ ಸೋಪು ಹಾಕಿ ಎಣ್ಣೆ ಪೂರ್ತಿ ತೊಳೀರಿ. ಮೀನಿನ ಪೊರೆ, ರಕ್ತ, ಸಿಗಡಿ ಎರೆಯ ವಾಸನೆ ಒಂದು ಚೂರೂ ಉಳೀಬಾರ್ದು, ಕಾರಣ ಮುಂದೆ ಹೇಳ್ತೇನೆ.

ಕಾರಿನ ಡ್ಯಾಶ್‌ಬೋರ್ಡಿಗೆ ಹಾಕೋ ಹೊಳಪಿನ ಸಿಲಿಕಾನ್ ಪಾಲಿಶ್ ಹಾಕ್ಬೇಡಿ. ನೋಡೋಕೆ ಚೆಂದ, ಆದ್ರೆ ಮುಂದೆ ಪ್ಯಾಚ್ ಹಾಕೋವಾಗ ಗಮ್ಮು ಹಿಡಿಯೋದೇ ಇಲ್ಲ.

ಒಣಗ್ಸೋದು ನೆರಳಲ್ಲಿ, ಗಾಳಿ ಆಡೋ ಕಡೆ, ಅರ್ಧ ಗಾಳಿ ಇಟ್ಟು, ಮಗ್ಗುಲು ಮೇಲೆ ನಿಲ್ಸಿ, ದಿನಕ್ಕೊಂದು ಮಗ್ಗುಲು. ಮೇಲ್ಮೈ ಒಣಗಿರತ್ತೆ, ಸಂದಿಯಲ್ಲಿ ಬಟ್ಟೆ ಒತ್ತಿ ನೋಡಿದ್ರೆ ಒದ್ದೆ. ಆ ಸಂದಿ ಒಣಗೋ ತನಕ ಮಡಚ್ಬೇಡಿ, ನನ್ನ ಪ್ರಕಾರ ಇಡೀ ಕೆಲ್ಸದಲ್ಲಿ ಯಾವ್ದಾದ್ರೂ ಒಂದೇ ಮಾಡೋಕೆ ಟೈಮ್ ಇದೆ ಅಂದ್ರೆ ಇದನ್ನೇ ಮಾಡಿ.

ಗಾಳಿ ಇಳಿಯತ್ತಾ ಅಂತ ಪರೀಕ್ಷೆ

ಸೀಸನ್ ಶುರುವಲ್ಲಿ ಅಲ್ಲ, ಈಗ್ಲೇ ಮಾಡ್ಬೇಕು. ಸಾಮಾನ್ಯವಾಗಿ ಟ್ಯೂಬಿಗೆ 0.25 ಬಾರ್, ಗಟ್ಟಿ ಗಾಳಿ ನೆಲಕ್ಕೆ 0.8 ಬಾರ್, ನಿಮ್ಮ ಬೋಟಿನ ಪ್ಲೇಟ್ ಮೇಲೆ ಬರೆದಿರತ್ತೆ. ಚೇಂಬರುಗಳನ್ನ, ಅಂದ್ರೆ ಟ್ಯೂಬಿನ ಬೇರೆ ಬೇರೆ ಗಾಳಿ ಕೋಣೆಗಳನ್ನ, ಒಂದೊಂದೇ ಫುಲ್ ಮಾಡ್ಬೇಡಿ, ಎಲ್ಲಾ ಅರ್ಧರ್ಧ ತುಂಬಿ ಆಮೇಲೆ ಸರದಿಯಲ್ಲಿ ಪೂರ್ತಿ ಮಾಡಿ, ಇಲ್ದಿದ್ರೆ ನಡುವಿನ ಪರದೆ ಮೇಲೆ ಒತ್ತಡ ಬೀಳತ್ತೆ. ಪೆಟ್ರೋಲ್ ಬಂಕಿನ ಕಂಪ್ರೆಸರ್ ಹತ್ರ ತಗೊಂಡು ಹೋಗ್ಲೇಬೇಡಿ.

ಒಂದಿಡೀ ದಿನ ಬಿಟ್ಟು ನೋಡುವಾಗ ಸೆಖೆಯ ಲೆಕ್ಕ ನೆನಪಿರ್ಲಿ. ಒಂದು ಡಿಗ್ರಿ ಕಮ್ಮಿ ಆದ್ರೆ ಒತ್ತಡ ಹತ್ತಿರ ಹತ್ತಿರ 4 ಮಿಲಿಬಾರ್ ಇಳಿಯತ್ತೆ. ಮಧ್ಯಾಹ್ನ 35 ಡಿಗ್ರಿಯಲ್ಲಿ 0.25 ತುಂಬಿ ಬೆಳಿಗ್ಗೆ 25 ಡಿಗ್ರಿಯಲ್ಲಿ ನೋಡಿದ್ರೆ 0.21 ಇರತ್ತೆ, ಅದು ತೂತಲ್ಲ. ಎರಡೂ ಸಲ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದ್ರೆ ಈ ಗೊಂದಲವೇ ಇಲ್ಲ. ಉಲ್ಟಾ ಕೂಡ ನಿಜ, ಬೆಳಿಗ್ಗೆ ಟೈಟ್ ತುಂಬಿ ಮಧ್ಯಾಹ್ನ ದಂಡೆಯ ಬಿಸಿಲಲ್ಲಿ ಬಿಟ್ಟು ಊಟಕ್ಕೆ ಹೋದ್ರೆ ಹೊಲಿಗೆ ಜಾಗ ಬಿಡೋ ಸಾಧ್ಯತೆ ಇದೆ, ಸ್ವಲ್ಪ ಗಾಳಿ ಬಿಟ್ಟು ಹೋಗಿ.

ನಿಜವಾಗ್ಲೂ ಇಳೀತಿದೆ ಅಂದ್ರೆ ಸೋಪು ನೀರು. ಮೊದ್ಲು ವಾಲ್ವಿಗೇ ಹಾಕಿ, ಎಷ್ಟೋ ಸಲ ಅಲ್ಲೇ ಒಂದು ಹೊಯಿಗೆ ಕಾಳು ಸಿಕ್ಕಿರತ್ತೆ, ಒಂದೆರಡು ಸಲ ಒತ್ತಿ ಬಿಟ್ರೆ ಸರಿ ಹೋಗತ್ತೆ. ಆಮೇಲೆ ಅಂಟಿನ ಜಾಗಗಳು, ಕೊನೆಗೆ ಮೈ. ಗುಳ್ಳೆ ಬಂದಲ್ಲಿ ಪೆನ್ನಲ್ಲಿ ಗುರ್ತು ಹಾಕಿ.

ಪ್ಯಾಚ್

ಸೈಕಲ್ ಪಂಕ್ಚರ್ ಸೊಲ್ಯೂಶನ್, ಫೆವಿಕ್ವಿಕ್, ಪಿವಿಸಿ ಪೈಪಿನ ಗಮ್ಮು ಇವು ಮೂರೂ ಗಾಳಿ ಬೋಟಿಗೆ ಆಗಲ್ಲ. ಮೊದಲ್ನೇದು ರಬ್ಬರ್ ಟ್ಯೂಬಿಗೆ, ಉಳಿದೆರಡು ಗಟ್ಟಿಯಾಗಿ ಬಿರಿಯತ್ತೆ. ನಿಮ್ಮ ಬೋಟು ಪಿವಿಸಿನಾ (ಪ್ಲಾಸ್ಟಿಕ್ ಲೇಪದ ಬಟ್ಟೆ) ಹೈಪಲಾನಾ (ರಬ್ಬರ್ ಲೇಪದ ಬಟ್ಟೆ) ಅಂತ ಮೊದ್ಲು ತಿಳ್ಕೊಳ್ಳಿ, ಕಾಣದ ಮೂಲೆಯಲ್ಲಿ ಹತ್ತಿಗೆ ಅಸಿಟೋನ್ ಹಚ್ಚಿ ಉಜ್ಜಿದ್ರೆ ಪಿವಿಸಿ ಅಂಟಂಟು ಆಗತ್ತೆ, ಹೈಪಲಾನ್ ಆಗಲ್ಲ. ಅಗ್ಗದ ಬೋಟುಗಳೆಲ್ಲಾ ಹೆಚ್ಚಾಗಿ ಪಿವಿಸಿ. ಅದಕ್ಕೆ ಎರಡು ಭಾಗದ ಪಾಲಿಯುರೆಥೇನ್ ಗಮ್ಮು, ಹೈಪಲಾನಿಗೆ ಎರಡು ಭಾಗದ ನಿಯೋಪ್ರೀನ್ ಗಮ್ಮು.

ಪ್ಯಾಚನ್ನ ದುಂಡಗೆ ಕತ್ತರಿಸಿ, ಮೂಲೆ ಇದ್ರೆ ಅಲ್ಲಿಂದ ಏಳತ್ತೆ, ತೂತಿನ ಸುತ್ತ 5 ಸೆಂಟಿಮೀಟರ್ ಆದ್ರೂ ಹೆಚ್ಚು ಇರ್ಲಿ. ಗಾಳಿ ಪೂರ್ತಿ ಬಿಟ್ಟು ಹಲಗೆ ಮೇಲೆ ಚಪ್ಪಟೆ ಹಾಸಿ, ಎರಡೂ ಕಡೆ ಸಾಲ್ವೆಂಟಲ್ಲಿ ಒರೆಸಿ, ಹೈಪಲಾನ್ ಆದ್ರೆ ಉಪ್ಪುಕಾಗದ ಹಾಕಿ ಹೊಳಪು ತೆಗೀರಿ. ತೆಳ್ಳಗೆ ಒಂದು ಕೋಟು, ಅದು ಒಣಗಿದ ಮೇಲೆ ಇನ್ನೊಂದು, ಬೆರಳಿಗೆ ಅಂಟಂಟು ಅನ್ನೋ ಹದಕ್ಕೆ ಬಂದಾಗ ಕೂರ್ಸಿ, ನಡುವಿಂದ ಅಂಚಿಗೆ ಚಮಚದ ಬೆನ್ನಲ್ಲಿ ಒತ್ತಿ ಉಜ್ಜಿ. ಕಾಯೋ ನಿಮಿಷ ಎಷ್ಟು ಅಂತ ಡಬ್ಬಿ ಮೇಲಿರತ್ತೆ, ಅದನ್ನೇ ಪಾಲಿಸಿ. 24 ಗಂಟೆ ಗಾಳಿ ತುಂಬ್ಬೇಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಗಮ್ಮಿನ ಮೇಲೆ ಕಣ್ಣಿಗೆ ಕಾಣದ ಪಸೆ ಕೂತು ಹಿಡಿತ ಹೋಗತ್ತೆ, ಹಾಗಾಗಿ ಜೂನ್-ಜುಲೈಯಲ್ಲಿ ಕರಾವಳಿಯಲ್ಲಿ ಈ ಕೆಲ್ಸ ಬೇಡವೇ ಬೇಡ, ನಿಜ ಹೇಳ್ಬೇಕಂದ್ರೆ ಡಿಸೆಂಬರ್-ಜನವರಿಯ ಒಣ ಹವೆಯೇ ಇದಕ್ಕೆ ಸರಿಯಾದ ಕಾಲ. ಹಾಗೇ ಮೋಟ್ರು ಕೂರೋ ಹಿಂದಿನ ಹಲಗೆಯ ಸ್ಕ್ರೂ ತೂತು ನೋಡಿ, ಪ್ಲೈವುಡ್ಡಿಗೆ ನೀರು ಇಳಿದು ಮೆತ್ತಗಾಗಿದ್ರೆ ಬೆರಳ ಗೆಣ್ಣಲ್ಲಿ ಬಡಿದಾಗ ಸದ್ದು ಮಂದವಾಗಿ ಬರತ್ತೆ. ಒಣಗಿಸಿ ಸೀಲೆಂಟ್ ತುಂಬಿ.

ಎಲ್ಲಿ ಇಡೋದು, ಇಲಿ ವಿಚಾರ

ಜಾಗ ಇದ್ರೆ ಅರೆಗಾಳಿ ತುಂಬಿ ಒಳಗೆ ಅಗಲ ಪಟ್ಟಿಯಲ್ಲಿ ನೇತು ಹಾಕೋದೇ ನನ್ನ ಆಯ್ಕೆ. ಮಡಿಕೆ ಬೀಳಲ್ಲ, ಗಾಳಿ ಆಡತ್ತೆ, ತೂತಿದ್ರೆ ತಾನಾಗೇ ಗೊತ್ತಾಗತ್ತೆ. ಜಾಗ ಇಲ್ದಿದ್ರೆ ಪಂಪಿನ ಎಳೆಯೋ ಬದಿ ಸಿಕ್ಕಿಸಿ ಒಳಗಿನ ಗಾಳಿ ತೆಗೆದು, ಸಡಿಲವಾಗಿ ಸುತ್ತಿ, ವಾಲ್ವಿನ ಮುಚ್ಚಳ ಹಾಕಿ. ಪ್ರತಿ ವರ್ಷ ಅದೇ ಗೆರೆಗೆ ಮಡಚ್ಬೇಡಿ, ಅಲ್ಲೇ ಬಿರಿಯತ್ತೆ. ಬರೀ ಸಿಮೆಂಟ್ ನೆಲ ಬೇಡ, ಮರದ ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು. ತಗಡು ಶೀಟಿನ ಅಡಿ ಬೇಡ, ಮಧ್ಯ ಮಧ್ಯ ಬಿಸಿಲು ಬಿದ್ದಾಗ ಅಲ್ಲಿ ಕಾದು ಹೋಗತ್ತೆ, ಇನ್ವರ್ಟರ್ ಬ್ಯಾಟರಿ ಪಕ್ಕವೂ ಬೇಡ. ಮರದ ಹಲಗೆ ನೆಲ ಇದ್ರೆ ಒರಲೆ ಹಿಡಿಯೋ ಗೋಡೆಯಿಂದ ದೂರ ನಿಲ್ಸಿ.

ಇಲಿ ಬರೋದು ಮೀನಿನ ವಾಸನೆಗೆ, ಇಲ್ಲಾಂದ್ರೆ ಮಳೆಗೆ ಬೆಚ್ಚಗಿನ ಗೂಡು ಹುಡುಕ್ಕೊಂಡು, ಸುತ್ತಿಟ್ಟ ಬೋಟು ಅದಕ್ಕೆ ಹೇಳಿ ಮಾಡ್ಸಿದ ಮನೆ. ಒಂದು ರಾತ್ರಿಯಲ್ಲಿ ಸುತ್ತಿನ ನಡುವೆ ಕೊರೆದ್ರೆ ಬಿಡಿಸಿದಾಗ ಸಾಲಾಗಿ ಒಂದೇ ಅಳತೆಯ ತೂತುಗಳು. ಅದಕ್ಕೇ ನೇತು ಹಾಕೋದು, ಹಗ್ಗಕ್ಕೆ ತೆಂಗಿನ ಮರಕ್ಕೆ ತಗಡು ಸುತ್ತಿದಂಗೆ ಒಂದು ದುಂಡು ತಗಡು ಪೋಣಿಸಿ. ಅಕ್ಕಿ, ಗೋಣಿಚೀಲ, ತೆಂಗಿನಕಾಯಿ ಇಡೋ ಕೋಣೆಯಲ್ಲಿ ಬೋಟು ಇಡ್ಬೇಡಿ. ಇಲಿ ಪಾಷಾಣ ಹಾಕಿದ್ರೆ ಸತ್ತ ಇಲಿ ಬೋಟೊಳಗೇ ಸಿಗೋ ಸಾಧ್ಯತೆ, ಬೋನು ವಾಸಿ. ನುಸಿ ಗುಳಿಗೆಯನ್ನ ಟ್ಯೂಬಿನ ಬಟ್ಟೆಗೆ ತಾಗೋ ಹಾಗೆ ಇಡ್ಬೇಡಿ.

ಲೈಫ್ ಜಾಕೆಟ್ಟು, ಹುಟ್ಟು, ಲಂಗರಿನ ಹಗ್ಗ ಎಲ್ಲಾ ಸಿಹಿ ನೀರಲ್ಲಿ ಜಾಲಿಸಿ ಒಣಗಿಸಿ ಬೇರೆ ನೇತು ಹಾಕಿ, ಒದ್ದೆ ಜಾಕೆಟ್ ಬೋಟೊಳಗೆ ಸುತ್ತಿಡೋದು ಫಂಗಸ್ಸಿಗೆ ಆಹ್ವಾನ.

ಮಳೆ ನಡುವೆ

ಆರಿದ್ರಾ ಮುಗಿದು ಒಂದೆರಡು ದಿನ ಹೊಳವು ಬಿಟ್ಟಾಗ ಒಂದ್ಸಲ, ಆಮೇಲೆ ಶ್ರಾವಣದಲ್ಲಿ ಇನ್ನೊಂದ್ಸಲ ಬಿಡಿಸಿ ನೋಡಿ. ಕಪ್ಪು ಚುಕ್ಕೆ ಕಂಡ್ರೆ ವಿನೆಗರ್ ನೀರು ಸಮ ಸಮ ಕಲಸಿ ಒರೆಸಿ, ಸಿಹಿ ನೀರಲ್ಲಿ ಇನ್ನೊಮ್ಮೆ ಒರೆಸಿ, ಫ್ಯಾನ್ ಗಾಳಿಗೆ ಒಣಗಿಸಿ, ಇದು ಮನೆ ಫ್ಯಾನು. ಮೋಟ್ರಿನ ಹಗ್ಗವನ್ನ ಮೆಲ್ಲಗೆ ಒಂದೆರಡು ಸಲ ಎಳೆದು ಮತ್ತೆ ಬಿಗಿ ಸಿಗೋ ಜಾಗದಲ್ಲಿ ಬಿಡಿ, ಜೋರಾಗಿ ಎಳೆದು ಸ್ಟಾರ್ಟ್ ಮಾಡೋಕೆ ಹೋಗ್ಬೇಡಿ.

ಮತ್ತೆ ನೀರಿಗಿಳಿಸೋದು

ನೂಲ ಹುಣ್ಣಿಮೆಗೆ ಸಮುದ್ರಪೂಜೆ ಆದ್ರೂ ಚಿಕ್ಕ ಗಾಳಿ ಬೋಟಿಗೆ ಅಳಿವೆ ಕಡೆ ಇನ್ನೂ ಜಾಗ ಅಲ್ಲ, ನೀರಿನ ಸೆಳೆತ, ತೇಲಿ ಬರೋ ಮರ ಎಲ್ಲಾ ಇರತ್ತೆ. ಸೆಪ್ಟೆಂಬರ್ ಕೊನೆಗೆ ನೋಡ್ಕೊಳ್ಳಿ.

ಕೆಂಪು ಬಟ್ಟೆ ಚೂರು ತೆಗೀರಿ, ತೂತಿಗೆ ತೆಳು ತಂತಿ ಹಾಕಿ ನೋಡಿ, ಹೊಸ ಪ್ಲಗ್ ಹಾಕಿ, ಹೊಸ ಪೆಟ್ರೋಲ್ ತುಂಬಿ, ಪೆಟ್ರೋಲ್ ಪೈಪಿನ ರಬ್ಬರ್ ಉಂಡೆ ಒತ್ತಿದಾಗ ಬಿರಿದಿದ್ಯಾ, ಎಲ್ಲಾದ್ರೂ ಸೋರತ್ತಾ ನೋಡಿ. ಮೊದಲ ಸ್ಟಾರ್ಟು ಡ್ರಮ್ಮಲ್ಲೇ, ಶುರುವಿಗೆ ಬಿಳಿ ಹೊಗೆ ದಟ್ಟ ಬರತ್ತೆ, ಸಿಲಿಂಡರಿಗೆ ಹಾಕಿದ ಎಣ್ಣೆ ಸುಡೋದು, ಗಾಬ್ರಿ ಬೇಡ. ಹಿಂದಿಂದ ನೀರು ಬರ್ತಿದ್ಯಾ ಅನ್ನೋದೇ ಮುಖ್ಯ. ಕಿಲ್ ಸ್ವಿಚ್ಚಿನ ದಾರ ಎಳೆದು ಮೋಟ್ರು ನಿಲ್ಲತ್ತಾ ಅಂತಾನೂ ಇಲ್ಲೇ ನೋಡಿ.

ಆಮೇಲೆ ಹೊಳೆಗೆ. ಮೊದಲ ದಿನ ಹೊರಡೋದು ಇಳಿತದಲ್ಲಿ ಬೇಡ, ನೀರು ಏರೋ ಹೊತ್ತಲ್ಲಿ ಹೊರಡಿ, ಮೋಟ್ರು ಕೈ ಕೊಟ್ರೆ ನೀರು ನಿಮ್ಮನ್ನ ಒಳಗಡೆಗೆ ತಳ್ಳತ್ತೆ ಹೊರತು ಸಮುದ್ರಕ್ಕೆ ಎಳೆಯಲ್ಲ. ಹುಟ್ಟು ಎರಡೂ ಇರ್ಲಿ, ಜಾಕೆಟ್ ಮೈ ಮೇಲೆ ಇರ್ಲಿ, ಜೇಬಲ್ಲಿ ಒಂದು ಶಿಯರ್ ಪಿನ್ನು, ಒಂದು ಪ್ಲಗ್ಗು, ಪಾನ. ಹತ್ತು ನಿಮಿಷ ದಡದ ಹತ್ರವೇ ಸುತ್ತಿ, ವಾಪಸ್ ಬಂದು ಟ್ಯೂಬ್ ಒತ್ತಿ ನೋಡಿ, ತಣ್ಣೀರು ತಾಗಿ ಸ್ವಲ್ಪ ಮೆತ್ತಗಾಗಿರತ್ತೆ, ನಾಲ್ಕು ಪಂಪು ಹೊಡೆದು ಹೊರಡಿ.